ಅಪ್ಪನ ಹಿತ್ತಾಳೆ ಅಳತೆ

ಮಳೆ ಹಿಡಿದಿದೆ, ಮಂಗಗಳೂ ಇಳಿದಿವೆ. ಚೀಪಿ ಬಿಸಾಡಿದ ಎಳೆ ಅಡಿಕೆ ಮರದ ಬುಡದಲ್ಲೆಲ್ಲ ಕಾಣ್ತದೆ. ನಮ್ಮ ಪಂಜ ಸುತ್ತಿನಲ್ಲಿ ಕೇಪಿನ ಕೋವಿ ಇರುವವರಿಗೆ ಒಂದು ವಿಷಯ ಹೇಳಲಿಕ್ಕುಂಟು.

2024ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ಕೋವಿಯನ್ನು ಠಾಣೆಯಲ್ಲಿ ಇಟ್ಟಿದ್ದೆ. ಜೂನ್ 4ಕ್ಕೆ ಫಲಿತಾಂಶ ಬಂತು. ಕೋವಿ ಮನೆಗೆ ಬರುವಾಗ ಮಳೆ ಶುರು. ಡಬ್ಬಿಯ ಮುಚ್ಚಳ ನಾನು ಸರಿ ಹಾಕದೆ ಕರಿಮದ್ದು ಥಂಡಿ ಹಿಡಿದು ಗಂಟು ಕಟ್ಟಿತ್ತು. ಬೆದರಿಸಲು ಒಂದು ಬರೀ ಈಡು ಹಾಕಿದರೆ ಟುಸ್ಸ್ ಅಂತ ಹೊಗೆ ಬಂತು, ಅಷ್ಟೆ.

ಮರುದಿನ ತೋಟದಿಂದ ಬರುವಾಗ ಅಳಿಯ ಜಗಲಿಯಲ್ಲಿ ಕೂತಿದ್ದ. ಎಲ್ಲಿಂದಲೋ ತಂದ ಹಳೆ ತೋಟಾ ಬಿಚ್ಚಿ, ಅದರ ಮದ್ದನ್ನು ನನ್ನ ಅಪ್ಪನ ಹಿತ್ತಾಳೆ ಅಳತೆಯಲ್ಲೇ ಅಳೆದು ನಳಿಗೆಗೆ ಸುರಿದಾಗಿತ್ತು.

"ಮಾವ, ಇದೂ ಮದ್ದೇ ಅಲ್ವಾ? ಅಳತೆ ಸಮ ಉಂಟು."

ನನ್ನ ಕೈಕಾಲು ತಣ್ಣಗಾಯಿತು. ಕತ್ತ ತುಂಬಿರಲಿಲ್ಲ, ಕೇಪು ಇಟ್ಟಿರಲಿಲ್ಲ, ನಮ್ಮ ಪುಣ್ಯ. ಕೋವಿ ಕವುಚಿ ತಟ್ಟಿ ತಟ್ಟಿ ಖಾಲಿ ಮಾಡಿದೆವು.

ಅಳತೆ ಸಮ ಇರಬಹುದು, ಮದ್ದು ಬೇರೆ ಮಾರಾಯ್ರೆ. ಪೆಟ್ಲುಪ್ಪು, ಗಂಧಕ, ಇದ್ದಲಿನ ಕರಿಮದ್ದಿಗೆ ನಮ್ಮ ಹಳೆ ನಳಿಗೆ ತಡೆಯುತ್ತದೆ. ತೋಟಾದ ಹೊಗೆಯಿಲ್ಲದ ಮದ್ದಿನ ಬಲವೇ ಬೇರೆ. ಒತ್ತಡ ಏರಿದಷ್ಟೂ ಅದು ಇನ್ನೂ ಜೋರಾಗಿ ಉರಿಯುತ್ತದೆ. ಅದೇ ಅಳತೆ ಹಾಕಿದರೆ ನಳಿಗೆ ಸೀಳಿ ಹೋದೀತು. ಕೆನ್ನೆ, ಕಣ್ಣು, ಎಡಗೈ ಎಲ್ಲ ಅಲ್ಲೇ ಇರುವುದು.

ಅವನು ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡಿದ್ದನಂತೆ. ದೂರ ಹೊಡೆಯುವ ಮ್ಯಾಗ್ನಮ್ ರೈಫಲಿಗೆ ಅವರು ಮನೆಯಲ್ಲೇ ತೋಟಾ ತುಂಬುತ್ತಾರೆ. ಸಂಜೆ ನಾನೂ ಕೂತು ನೋಡಿದೆ. ಅವರು ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಮಿಗೆ ಹದಿನೈದು ಗ್ರೇನ್‌ಗಿಂತ ಸ್ವಲ್ಪ ಜಾಸ್ತಿ. ಅದರ ಹತ್ತನೇ ಒಂದು ಪಾಲನ್ನೂ ಬಿಡುವುದಿಲ್ಲ. ಇಂಥ ಮದ್ದಿಗೆ ಇಷ್ಟೇ ಅಂತ ಪುಸ್ತಕ ನೋಡಿ, ಕಡಿಮೆಯಿಂದ ಶುರು ಮಾಡಿ, ಒಂದೊಂದೇ ಬದಲಿಸಿ, ಬರೆದಿಡುತ್ತಾರೆ. ಹೊಡೆದ ತೋಟಾದ ಕೇಪು ಚಪ್ಪಟೆಯಾಗಿ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. ಅಳಿಯ ನೋಡಿದ್ದು ಶಬ್ದ ಮಾತ್ರ, ತಕ್ಕಡಿ ನೋಡಿರಲಿಲ್ಲ.

ನಾನೇನು ಕಮ್ಮಿಯಲ್ಲ. ಇಪ್ಪತ್ತರ ಪ್ರಾಯದಲ್ಲಿ ಶಬ್ದ ಜೋರಾಗಲಿ ಅಂತ ಒಂದೂವರೆ ಅಳತೆ ಹಾಕಿ, ವಾರವಿಡೀ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡವ. ಮಂಗ ಹತ್ತೇ ನಿಮಿಷದಲ್ಲಿ ವಾಪಸು ಬಂದಿತ್ತು. ಅಪ್ಪ ಬೈಯಲಿಲ್ಲ, ಅಳತೆಯನ್ನು ಬೀಗ ಹಾಕಿಟ್ಟರು.

1959ರ ಆಯುಧ ಕಾಯ್ದೆಯಲ್ಲಿ ಬೆಳೆ ಕಾಯಲು ಅಂತಲೇ ಹೆಸರು ಹಿಡಿದು ಹೇಳಿದ್ದು ನಮ್ಮ ಈ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದರ ಪ್ರತಿ ಈಡನ್ನೂ ತುಂಬುವುದು ನಮ್ಮ ಕೈ. ಹಾಗಾಗಿ ಜವಾಬ್ದಾರಿಯೂ ನಮ್ಮದೇ. ಮದ್ದು ಥಂಡಿಯಾದರೆ ಆ ದಿನ ತಗಡು ಬಡಿಯಿರಿ, ನಾಯಿ ಬಿಡಿ. ನಾಲ್ಕು ಗೊನೆ ಹೋದರೆ ಹೋಗಲಿ.

ಈಗ ಅಪ್ಪನ ಅಳತೆಯನ್ನು ಕರಿಮದ್ದಿನ ಡಬ್ಬಿಗೇ ಹಗ್ಗದಲ್ಲಿ ಕಟ್ಟಿಟ್ಟಿದ್ದೇನೆ. ಕಟ್ಟಿದ್ದು ಅಳಿಯನೇ.