ಮೇಜಿನ ಮೇಲೆ ಸೋಲಲಿ, ಎದೆಯೊಳಗೆ ಬೇಡ

ಹೊಸೂರಿನ ಒಂದು ಟೂಲ್ ರೂಮಿನಲ್ಲಿ ಪ್ಲಾಸ್ಟಿಕ್ ಸಾಮಾನುಗಳಿಗೆ ಅಚ್ಚು ಮಾಡುವುದು ನನ್ನ ಕೆಲಸ. ಬಕೆಟ್ಟಿನ ಹಿಡಿಯಾಗಲಿ, ಆಸ್ಪತ್ರೆಯಲ್ಲಿ ಮಕ್ಕಳ ಮುಖಕ್ಕಿಡುವ ಮಾಸ್ಕ್ ಆಗಲಿ, ಸಾವಿರಗಟ್ಟಲೆ ತಯಾರಾಗಬೇಕಾದರೆ ಉಕ್ಕಿನ ಅಚ್ಚು ಬೇಕು. ಅದಕ್ಕೆ ವಾರಗಟ್ಟಲೆ ಸಮಯ, ಲಕ್ಷಗಟ್ಟಲೆ ಹಣ ಹಿಡಿಯುತ್ತದೆ. ಕೊರೆದ ಮೇಲೆ ತಿದ್ದುವುದು ಸುಲಭವಲ್ಲ.

ಆದ್ದರಿಂದ ಈಗ ಮೊದಲು ಒಂದು ಮಾದರಿ ಮಾಡಿಕೊಳ್ಳುತ್ತೇವೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರದಂತೆ ಯಂತ್ರವು ಪದರದ ಮೇಲೆ ಪದರ ಕಟ್ಟುತ್ತಾ ಒಂದೇ ರಾತ್ರಿಯಲ್ಲಿ ವಸ್ತುವನ್ನು ಕೈಗಿಡುತ್ತದೆ. ಇದಕ್ಕೆ ರ‍್ಯಾಪಿಡ್ ಪ್ರೊಟೊಟೈಪಿಂಗ್ ಎನ್ನುತ್ತಾರೆ. 1983ರಲ್ಲಿ ಅಮೆರಿಕದ ಎಂಜಿನಿಯರ್ ಚಕ್ ಹಲ್ ಈ ರೀತಿಯಲ್ಲಿ ಮೊದಲು ಮಾಡಿದ ವಸ್ತು ಕಣ್ಣು ತೊಳೆಯುವ ಪುಟ್ಟ ಬಟ್ಟಲು! ಮಾದರಿಯ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದರೆ ಹತ್ತಿಪ್ಪತ್ತು ತುಂಡುಗಳನ್ನು ಎರಕ ಹೊಯ್ಯಬಹುದು. ನರ್ಸ್ ಒಬ್ಬರು ಅದನ್ನು ಮುಟ್ಟಿ ನೋಡಿ, “ಈ ಅಂಚು ಮಗುವಿನ ಕೆನ್ನೆಗೆ ಒತ್ತುತ್ತದೆ” ಎಂದರೆ ಉಕ್ಕು ಕೊರೆಯುವ ಮುಂಚೆಯೇ ತಿದ್ದಿಕೊಳ್ಳುತ್ತೇವೆ.

2014ರಲ್ಲಿ ನನ್ನ ತಂಗಿಗೆ ಹೃದಯದ ಕವಾಟ ಬದಲಿಸಬೇಕಾಯಿತು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅದನ್ನು ಕೆಡಿಸಿತ್ತು. ಅವಳು ಕೇಳಿದಳು: “ಅಣ್ಣಾ, ನೀನು ರಾತ್ರೋರಾತ್ರಿ ಮಾಡ್ತೀಯಲ್ಲ, ಅಂಥದ್ದನ್ನೇ ನನ್ನ ಎದೆಯೊಳಗೂ ಇಡ್ತಾರಾ?”

ಅವಳಿಗೆ ಅಳವಡಿಸಲಿದ್ದದ್ದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಕವಾಟ. ಅದರ ಕಥೆಯನ್ನೇ ಹೇಳಿದೆ. ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ 1970ರ ದಶಕದಲ್ಲಿ ಕೆಲಸ ಆರಂಭಿಸಿತು. ಮೊದಲ ಮೂರು ಮಾದರಿಗಳು ನಿಲ್ಲಲಿಲ್ಲ. ನೀಲಮಣಿಯ ಜಾತಿಯ ಗಡಸು ಬಿಲ್ಲೆಯನ್ನೂ ಹಾಕಿ ನೋಡಿದರು; ಕೊನೆಗೆ ಗೆದ್ದದ್ದು ವಿಶೇಷ ಪ್ಲಾಸ್ಟಿಕ್ ಬಿಲ್ಲೆ. ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯಕ್ಕೆ ಅಳವಡಿಸಿದರು. ಅಂದಿನಿಂದ ಲಕ್ಷಕ್ಕೂ ಹೆಚ್ಚು ಜನರಿಗೆ ಅದು ಉಸಿರು ಕೊಟ್ಟಿದೆ.

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಹತ್ತು ವರ್ಷಕ್ಕೆ ಮೂವತ್ತಾರು ಕೋಟಿಗೂ ಹೆಚ್ಚು. ಆಗೆಲ್ಲ ಕವಾಟ ತೆರೆದು ಮುಚ್ಚಲೇಬೇಕು. ಆದ್ದರಿಂದ ಮೊದಲು ಅದನ್ನು ಯಂತ್ರದಲ್ಲಿಟ್ಟು, ಹೃದಯಕ್ಕಿಂತ ವೇಗವಾಗಿ ಕೋಟಿಗಟ್ಟಲೆ ಸಲ ಬಡಿಸಿ ಸವೆತ ಅಳೆಯುತ್ತಾರೆ. ಹೊಸ ಯಂತ್ರಗಳು ಚಿತ್ರದಿಂದ ಮಾದರಿಗೆ ಹೋಗುವ ದಾರಿಯನ್ನು ಮೊಟಕು ಮಾಡಿವೆ; ಈ ಪರೀಕ್ಷೆಯ ದಾರಿಯನ್ನು ಮೊಟಕು ಮಾಡಬಾರದು. ಬೇಗ ಮಾದರಿ ಮಾಡುವುದೇ ಬೇಗ ತಪ್ಪು ಕಂಡುಹಿಡಿಯಲಿಕ್ಕೆ.

ತಂಗಿ ಈಗ ಇಬ್ಬರು ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾಳೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ, ಆಗಾಗ ರಕ್ತ ಪರೀಕ್ಷೆ ತಪ್ಪುವಂತಿಲ್ಲ.

ಓದುಗರೇ, ಹೊಸ ವೈದ್ಯಕೀಯ ಸಾಧನವೊಂದು ಬಂದಿದೆ ಎಂದು ಕೇಳಿದಾಗ, “ಎಷ್ಟು ಬೇಗ ಮಾಡಿದರು?” ಎನ್ನುವುದರ ಜೊತೆಗೆ, “ಎಷ್ಟು ಪರೀಕ್ಷಿಸಿದರು?” ಎಂದೂ ಕೇಳೋಣ.