ಒಂದೇ ಕಲ್ಲು, ಎರಡು ಆಕಾಶ

ಸೋಲ್ ನಗರದ ಗ್ಯೊಂಗ್‌ಬೊಕ್‌ಗುಂಗ್ ಮೆಟ್ರೊ ನಿಲ್ದಾಣದ ಐದನೇ ದ್ವಾರದಿಂದ ಮೇಲೆ ಬಂದರೆ ಅರಮನೆಯ ಆವರಣ. ಬಾಡಿಗೆಗೆ ತಂದ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಉಟ್ಟ ಹುಡುಗಿಯರು ನೆರಿಗೆ ಹಿಡಿದು ಫೋಟೊಗೆ ನಿಂತಿರುತ್ತಾರೆ. ಬಂದವರೆಲ್ಲ ಸಿಂಹಾಸನದ ಸಭಾಂಗಣದ ಕಡೆ ನಡೆದರೆ, ನಾನು ಪಕ್ಕದಲ್ಲೇ ಇರುವ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದೊಳಕ್ಕೆ ಹೋದೆ. ಟಿಕೆಟ್ ಬೇಕಿಲ್ಲ. ನಾನು ನೋಡಬೇಕೆಂದು ಬಂದದ್ದು ಒಂದು ಕಲ್ಲನ್ನು.

ಕಪ್ಪು ಕಲ್ಲು. ಎರಡು ಮೀಟರ್ ಎತ್ತರ, ಒಂದೂಕಾಲು ಮೀಟರ್ ಅಗಲ, ಗೇಣಿಗಿಂತ ಕಡಿಮೆ ದಪ್ಪ. ಹೆಸರು ಚೊನ್‌ಸಾಂಗ್ ಯೊಲ್ಚಾ ಬುನ್ಯಾಜಿದೊ. ಕೆತ್ತಿದ್ದು 1395ರಲ್ಲಿ, ಹೊರಗಿನ ಅರಮನೆ ಎದ್ದು ನಿಂತದ್ದೂ ಅದೇ ವರ್ಷ. ಆರು ಶತಮಾನಗಳಲ್ಲಿ ಮೇಲ್ಮೈ ಸವೆದಿದೆ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಂದು ದೊಡ್ಡ ವೃತ್ತ ಮೂಡುತ್ತದೆ, ಆಮೇಲೆ ಅದರೊಳಗೆ ಚುಕ್ಕಿಗಳು, ಚುಕ್ಕಿಗಳನ್ನು ಕೂಡಿಸುವ ಗೆರೆಗಳು. 76 ಸೆಂಟಿಮೀಟರ್ ವ್ಯಾಸದ ಆ ವೃತ್ತದೊಳಗೆ 1,467 ನಕ್ಷತ್ರಗಳಿವೆ. ದೂರದರ್ಶಕ ಹುಟ್ಟುವುದಕ್ಕೆ ಎರಡು ಶತಮಾನ ಮೊದಲು, ಬರಿಗಣ್ಣಿಗೆ ಕಂಡ ಆಕಾಶ ಇದು.

ನಕ್ಷೆಯ ಕಟ್ಟುಪಾಡು ಸರಳ, ಆದರೆ ಅದರ ಹಿಂದಿನ ದುಡಿಮೆ ದೊಡ್ಡದು. ನಟ್ಟ ನಡುವೆ ಉತ್ತರ ಧ್ರುವ. ಅದರ ಸುತ್ತಲಿನ ಚಿಕ್ಕ ವೃತ್ತದೊಳಗಿನ ನಕ್ಷತ್ರಗಳು ಎಂದೂ ಮುಳುಗುವುದಿಲ್ಲ. ಅದರಾಚೆಗೆ ಖಗೋಳದ ವಿಷುವದ್ವೃತ್ತ, ಅದನ್ನು ಓರೆಯಾಗಿ ಎರಡು ಕಡೆ ಕತ್ತರಿಸುವ ಸೂರ್ಯನ ದಾರಿ. ಎಲ್ಲಕ್ಕೂ ಹೊರಗಿನ ವೃತ್ತ ದಕ್ಷಿಣದ ಅಂಚು. ಚಿಕ್ಕ ವೃತ್ತದಿಂದ ಅಂಚಿನವರೆಗೆ ಇಪ್ಪತ್ತೆಂಟು ಗೆರೆಗಳು ಹರಡಿವೆ. ಅವು ಚಂದ್ರನ ಇಪ್ಪತ್ತೆಂಟು ಮನೆಗಳ ಗಡಿ. ಮೊದಲ ಮನೆ ಶುರುವಾಗುವುದು ನಮ್ಮ ಚಿತ್ತಾ ನಕ್ಷತ್ರದಿಂದ.

ಪ್ರತಿ ನಕ್ಷತ್ರಕ್ಕೂ ಎರಡು ಅಳತೆ ಬೇಕಿತ್ತು. ಧ್ರುವದಿಂದ ಅದೆಷ್ಟು ದೂರ? ತನ್ನ ಮನೆಯ ಗಡಿಯಿಂದ ಎಷ್ಟು ಪೂರ್ವಕ್ಕೆ? ಲೋಹದ ಬಳೆಗಳನ್ನು ಒಂದರೊಳಗೊಂದು ಕೂರಿಸಿದ ಗೋಳಯಂತ್ರದಲ್ಲಿ ಕಣ್ಣಿಟ್ಟು ಇದನ್ನು ಅಳೆಯುತ್ತಿದ್ದರು. ಸೂರ್ಯ ದಿನಕ್ಕೊಂದು ಹೆಜ್ಜೆ ಇಡುತ್ತಾನೆಂದು ಅವರ ವೃತ್ತಕ್ಕೆ 360 ಅಲ್ಲ, 365¼ ಡಿಗ್ರಿ. ಕೊರಿಯಾದ ಕಲ್ಲಿನ ಹೆಚ್ಚುಗಾರಿಕೆ ಎಂದರೆ ಚುಕ್ಕಿಗಳ ಗಾತ್ರ: ಹೆಚ್ಚು ಬೆಳಗುವ ನಕ್ಷತ್ರಕ್ಕೆ ದೊಡ್ಡ ಗುಳಿ, ಮಂಕಾದದ್ದಕ್ಕೆ ಚಿಕ್ಕದು. ಚೀನಾದ ಸೂಝೌ ನಗರದಲ್ಲಿ 1247ರಲ್ಲಿ ಕಲ್ಲಿಗಿಳಿಸಿದ ಪ್ರಸಿದ್ಧ ನಕ್ಷೆಯಲ್ಲಿ ಈ ತರತಮವಿಲ್ಲ.

ಕಲ್ಲಿನ ಕೆಳಭಾಗದ ಬರಹದಲ್ಲಿ ಅದರ ಕಥೆಯನ್ನು ವಿದ್ವಾಂಸ ಕ್ವೊನ್ ಗುನ್ ದಾಖಲಿಸಿದ್ದಾನೆ. ಹಿಂದೆ ಪ್ಯೊಂಗ್ಯಾಂಗ್‌ನಲ್ಲಿ ಇಂಥದ್ದೇ ಕಲ್ಲಿತ್ತು. ಯುದ್ಧದಲ್ಲಿ ಅದು ನದಿಯ ಪಾಲಾಯಿತು. ಜೊಸೊನ್ ವಂಶದ ಮೊದಲ ದೊರೆ ತೇಜೊ ಪಟ್ಟಕ್ಕೆ ಬಂದಾಗ ಯಾರೋ ಆ ಕಲ್ಲಿನ ಅಚ್ಚೊಂದನ್ನು ತಂದು ಒಪ್ಪಿಸಿದರು. ದೊರೆ ಹಿಗ್ಗಿ, ಹೊಸ ಕಲ್ಲಿಗೆ ಕೆತ್ತಿಸಿ ಎಂದ. ಆಗ ಆಸ್ಥಾನದ ಖಗೋಳಜ್ಞರು ತಡೆದರು: ನಕ್ಷೆ ಹಳತು, ನಕ್ಷತ್ರಗಳು ಸರಿದಿವೆ, ಮತ್ತೆ ಅಳೆಯಬೇಕು. ಅದಕ್ಕೆ ಅವರು ಕೊಟ್ಟ ಪುರಾವೆಯನ್ನು ಓದಿ ನಾನು ಬೆರಗಾದೆ. ವಸಂತಾರಂಭದ ದಿನ ಮುಸ್ಸಂಜೆಯಲ್ಲಿ ಉತ್ತರ–ದಕ್ಷಿಣದ ನಡುಗೆರೆಗೆ ಬರುವುದು ಹಳೆಯ ನಕ್ಷೆಯ ಪ್ರಕಾರ ಕೃತ್ತಿಕೆ. ಈಗ ಬರುವುದು ಅದರ ಹಿಂದಿನ ಮನೆ. ಆ ಮನೆಯ ಮೂರು ನಕ್ಷತ್ರಗಳೇ ನಮ್ಮ ಭರಣಿ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಬಾಯಿಪಾಠ ಮಾಡಿದ ಯಾರಿಗಾದರೂ ಈ ಒಂದು ಮನೆಯ ಜಾರುವಿಕೆ ತಟ್ಟನೆ ತಿಳಿಯುತ್ತದೆ.

ಜಾರುವುದಕ್ಕೆ ಕಾರಣ ಭೂಮಿಯೇ. ವೇಗ ಕುಂದಿದ ಬುಗುರಿ ತಲೆ ತೂಗುವಂತೆ, ಸೂರ್ಯ ಚಂದ್ರರ ಸೆಳೆತಕ್ಕೆ ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತು ತೂಗುತ್ತದೆ. ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ. ನಿಜವಾದ ಉತ್ತರಾಯಣ ಡಿಸೆಂಬರ್ 21–22ಕ್ಕೇ ಶುರುವಾದರೂ ನಾವು ಎಳ್ಳು ಬೆಲ್ಲ ಬೀರುವುದು ಜನವರಿ ನಡುವಿಗೆ ಬಂದಿರುವುದು ಇದೇ ಅಯನಚಲನೆಯಿಂದ. ನಕ್ಷೆಗಳ ವಯಸ್ಸು ಹೇಳುವುದೂ ಇದೇ. ಧ್ರುವ ಎಲ್ಲಿದೆ, ಸೂರ್ಯನ ದಾರಿ ವಿಷುವದ್ವೃತ್ತವನ್ನು ಎಲ್ಲಿ ಕತ್ತರಿಸಿದೆ, ಪ್ರತಿ ನಕ್ಷತ್ರ ಧ್ರುವದಿಂದ ಎಷ್ಟು ದೂರವಿದೆ ಎಂದು ಕಲ್ಲಿನ ಮೇಲೆ ಅಳೆದು, ಯಾವ ಶತಮಾನದ ಆಕಾಶಕ್ಕೆ ಅದು ಚೆನ್ನಾಗಿ ಹೊಂದುತ್ತದೆಂದು ಲೆಕ್ಕ ಹಾಕಿದರಾಯಿತು. ಎಂದೂ ಮುಳುಗದ ನಕ್ಷತ್ರಗಳ ವೃತ್ತ ಎಷ್ಟು ದೊಡ್ಡದೆಂದು ನೋಡಿದರೆ ನೋಡುಗ ನಿಂತ ಅಕ್ಷಾಂಶವೂ ಸಿಗುತ್ತದೆ. ಸೂಝೌ ನಕ್ಷೆಯಲ್ಲಿ ಅದು 35 ಡಿಗ್ರಿಯಷ್ಟು; ಸೂಝೌ ಊರಿಗಿಂತ ಉತ್ತರಕ್ಕೆ, ಹಳೆಯ ರಾಜಧಾನಿ ಕೈಫೆಂಗ್‌ನ ನೇರಕ್ಕೆ.

ಕೊರಿಯಾದ ಖಗೋಳ ವಿಜ್ಞಾನಿ ಪಾಕ್ ಚಾಂಗ್‌ಬೊಮ್ ಈ ಕಲ್ಲನ್ನು ಹೀಗೆ ಅಳೆದಾಗ ಸಿಕ್ಕಿದ್ದು ಎರಡು ಉತ್ತರ. ಧ್ರುವದ ಸುತ್ತಲಿನ ಚುಕ್ಕಿಗಳು ಕಲ್ಲು ಕೆತ್ತಿದ ಕಾಲಕ್ಕೇ ಹೊಂದುತ್ತವೆ. ಅದರಾಚೆಯವು ಕ್ರಿ.ಶ. 1ನೇ ಶತಮಾನದ ಆಸುಪಾಸಿನ ಆಕಾಶಕ್ಕೆ ಹೊಂದುತ್ತವೆ. ನಡುಭಾಗವನ್ನು ಹೊಸದಾಗಿ ಅಳೆದು ತಿದ್ದಿದರು, ಉಳಿದದ್ದನ್ನು ಹಿರಿಯರು ಕೊಟ್ಟಂತೆಯೇ ಉಳಿಸಿಕೊಂಡರು.

ದಕ್ಷಿಣದ ಅಂಚಿನಲ್ಲಿ ದೊಡ್ಡದೊಂದು ಚುಕ್ಕಿ ಒಂಟಿಯಾಗಿದೆ: ಅಗಸ್ತ್ಯ. ನಮ್ಮೂರಿನ ಮಾಗಿ ರಾತ್ರಿಗಳಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಸೋಲ್‌ನಿಂದ ಅದು ದಿಗಂತದ ಮೇಲೆ ಏಳುವುದೇ ಇಲ್ಲವೆನ್ನಬೇಕು. ಕೊರಿಯಾದವರು ಅದನ್ನು ನೋಡಲು ದೂರದ ದಕ್ಷಿಣಕ್ಕೆ, ಜೇಜು ದ್ವೀಪದಂಥ ಕಡೆಗೆ ಹೋಗಬೇಕು, ಅಲ್ಲೂ ಅದು ಕಡಲಂಚಿಗೆ ತಾಗಿಕೊಂಡೇ ಇರುತ್ತದೆ. ತಮ್ಮ ರಾಜಧಾನಿಗೆ ಕಾಣದ ನಕ್ಷತ್ರವನ್ನೂ ದೊಡ್ಡ ಗುಳಿ ತೋಡಿ ಕೂರಿಸಿದ್ದಾರೆ. ದಕ್ಷಿಣದಲ್ಲಿ ಅದನ್ನು ಕಂಡಿದ್ದವರ ಮಾತಿಗೆ ಕೊಟ್ಟ ಬೆಲೆ ಅದು.

ಎಲ್ಲ ನಕ್ಷೆಗಳೂ ಒಂದೇ ಬಗೆಯಲ್ಲಿ ವಯಸ್ಸು ಬಿಟ್ಟುಕೊಡುವುದಿಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಚೀನಾದ ದುನ್‌ಹುವಾಂಗ್ ಸುರುಳಿ ಕಾಗದದ್ದು. 1,300ಕ್ಕೂ ಹೆಚ್ಚು ನಕ್ಷತ್ರಗಳಿವೆ. ಆಳುವ ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಇದ್ದಂತೆ ಬರೆಯಬಾರದೆಂಬ ನಿಷೇಧ ಚೀನಾದಲ್ಲಿತ್ತು. ಸುರುಳಿಯಲ್ಲಿ ಯಾವ ಅಕ್ಷರಕ್ಕೆ ಈ ನಿಷೇಧ ತಾಗಿದೆ, ಯಾವುದಕ್ಕೆ ತಾಗಿಲ್ಲ ಎಂಬುದರಿಂದ 649–684ರ ನಡುವಿನದೆಂದು 2009ರಲ್ಲಿ ಸಂಶೋಧಕರು ಪ್ರಕಟಿಸಿದರು. ಜಪಾನಿನ ಅಸುಕಾ ಗ್ರಾಮದ ಕಿತೊರಾ ಸಮಾಧಿಯ ಛಾವಣಿಯಲ್ಲಿ ನಕ್ಷತ್ರಗಳು ಚಿನ್ನದ ತಗಡಿನವು. ಸಮಾಧಿ 7ನೇ ಶತಮಾನದ ಕೊನೆಯದೋ 8ನೆಯದರ ಆರಂಭದ್ದೋ ಆದರೆ ಅದರ ಆಕಾಶ ಎಷ್ಟೋ ಶತಮಾನ ಹಳೆಯದು. ಕ್ರಿ.ಪೂ. 1ನೇ ಶತಮಾನದ್ದೆಂದು ಒಬ್ಬರ ಲೆಕ್ಕ, ಕ್ರಿ.ಶ. 4ನೆಯದೆಂದು ಇನ್ನೊಬ್ಬರದು.

ಈ ಕುಶಲಕರ್ಮಿಗಳು ತಮ್ಮ ಆಕಾಶದ ತಾರೀಖು ಬರೆಯುವ ಗೋಜಿಗೆ ಹೋಗದೆಯೂ ತಾರೀಖು ಹಾಕಿ ಹೋಗಿದ್ದಾರೆ. ಅಂದಕ್ಕೆಂದು ಚುಕ್ಕಿಗಳನ್ನು ಸಮನಾಗಿ ಹರಡಿದ್ದರೆ ಅದು ಬರಿಯ ಅಲಂಕಾರವಾಗುತ್ತಿತ್ತು. ಕಂಡಲ್ಲೇ, ಅಳೆದಲ್ಲೇ ಇಟ್ಟದ್ದರಿಂದ ಪ್ರತಿ ಚುಕ್ಕಿಯೂ ತಾನು ಯಾವ ಕಾಲದ್ದೆಂದು ಸಾಕ್ಷಿ ಹೇಳುತ್ತಿದೆ. ಕೊರಿಯಾದವರಿಗೂ ಈ ಕಲ್ಲೆಂದರೆ ಪ್ರಾಣ: ಸವೆಯುತ್ತಿದೆಯೆಂದು 1687ರಲ್ಲಿ ಅದರ ಪಡಿಯಚ್ಚನ್ನು ಹೊಸ ಕಲ್ಲಿಗೆ ಇಳಿಸಿದರು, ಇಂದಿನ ಹತ್ತು ಸಾವಿರ ವಾನ್ ನೋಟಿನ ಹಿಂಬದಿಯಲ್ಲೂ ಇದೇ ನಕ್ಷತ್ರಗಳಿವೆ.

ಸೋಲ್‌ಗೆ ಹೋಗುವವರು ಅರಮನೆ ನೋಡುವ ಅವಸರದಲ್ಲಿ ಈ ಕಲ್ಲನ್ನು ಬಿಟ್ಟುಬರಬೇಡಿ. ಮೊದಲು ನಡುವಿನ ಚಿಕ್ಕ ವೃತ್ತದಲ್ಲಿ ಸಪ್ತರ್ಷಿಗಳನ್ನು ಹುಡುಕಿ. ಅಲ್ಲಿಂದ ಕೃತ್ತಿಕೆಯ ಏಳು ಚುಕ್ಕಿಗಳಿಗೆ, ಆಮೇಲೆ ಅಂಚಿನ ಅಗಸ್ತ್ಯನಿಗೆ ಬನ್ನಿ. ನಡುವಿನಿಂದ ಅಂಚಿಗೆ ಒಂದು ಮೊಳವೂ ಇಲ್ಲ. ಅಷ್ಟರಲ್ಲೇ ನಿಮ್ಮ ಕಣ್ಣು ಸಾವಿರದ ಮುನ್ನೂರು ವರ್ಷ ಹಿಂದಕ್ಕೆ ಹೋಗಿರುತ್ತದೆ.