ಮಕ್ಕಳ ಧರ್ಮಶಿಕ್ಷಣ: ಭಾನುವಾರದ ತರಗತಿಯ ಒಂದು ನೆನಪು



"ನಮ್ಮ ಮಕ್ಕಳಿಗೆ ಧರ್ಮದ ಗಂಧವೇ ಇಲ್ಲ ಬುದ್ಧಿ, ಮಠದಲ್ಲಿ ಏನಾದರೂ ಹೇಳಿಕೊಡಬೇಕು" ಎಂದು ತಂದೆತಾಯಿಗಳು ನಮ್ಮಲ್ಲಿ ಬಂದು ಕೇಳಿಕೊಳ್ಳುವುದುಂಟು. ಅವರ ಕಳವಳ ನಿಜವಾದುದು. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆ ಕೂಡದೆಂದು ನಮ್ಮ ಸಂವಿಧಾನದ 28ನೆಯ ವಿಧಿಯು ಹೇಳುತ್ತದೆ. ಅನೇಕ ಮತಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕೂಡುವ ನಾಡಿನಲ್ಲಿ ಅದು ಯುಕ್ತವೇ ಆಗಿದೆ. ಹಾಗಾದ ಮೇಲೆ ಈ ಹೊಣೆ ಮನೆಗೂ ಮಠಕ್ಕೂ ಉಳಿಯಿತು. ಮನೆಯವರು ಮಠದತ್ತ ಕೈತೋರಿಸುತ್ತಾರೆ. ಮಠದವರಾದ ನಾವು ಏನು ಮಾಡಿದೆವೆಂಬುದನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕೆನಿಸಿದೆ.

1992ರಲ್ಲಿ ನಾವು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ತರಗತಿಯಲ್ಲಿದ್ದೆವು. ವಿದ್ಯಾರ್ಥಿನಿಲಯದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಚರ್ಚು ಇತ್ತು. ಭಾನುವಾರ ಬೆಳಿಗ್ಗೆ ಅದರ ಆವರಣದ ಮರಗಳ ಕೆಳಗೆ ಮಕ್ಕಳು ವಯಸ್ಸಿಗೆ ತಕ್ಕಂತೆ ಗುಂಪುಗುಂಪಾಗಿ ಕುಳಿತಿರುತ್ತಿದ್ದರು. ಪಾಠ ಹೇಳುವವರು ಪಾದ್ರಿಗಳಲ್ಲ. ಒಬ್ಬರು ಗುಮಾಸ್ತರು, ಒಬ್ಬಾಕೆ ಆಸ್ಪತ್ರೆಯ ದಾದಿ. ಈ ಭಾನುವಾರದ ಶಾಲೆಯ ಹುಟ್ಟನ್ನು ನಾವು ಆಮೇಲೆ ಓದಿ ತಿಳಿದೆವು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾಕರ್ತನು, ವಾರವೆಲ್ಲ ದುಡಿಯುತ್ತಿದ್ದ ಬಡಮಕ್ಕಳಿಗೆ ಬಿಡುವಿದ್ದ ಒಂದೇ ದಿನವಾದ ಭಾನುವಾರ ಓದು ಕಲಿಸಲೆಂದು ಅದನ್ನು ತೆರೆದನು. ಧರ್ಮಬೋಧೆಯು ಅಲ್ಲಿ ಅಕ್ಷರದ ಕೈಹಿಡಿದು ಬಂದಿತು. ನಮ್ಮಲ್ಲಿ ಅದು ಅನ್ನದ ಕೈಹಿಡಿದು ಬಂದಿದೆ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಸನ್ನಿಧಿಯಲ್ಲಿ ಎಲ್ಲ ಜಾತಿಮತಗಳ ಸಾವಿರಾರು ಬಾಲಕರು ಸಂಜೆಯ ಪ್ರಾರ್ಥನೆಗೆ ಕೂಡುತ್ತಿದ್ದುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಉಂಡು, ಓದಿ, ಕುಳಿತು, ಹಿರಿಯರನ್ನು ನೋಡನೋಡುತ್ತ ಆ ಮಕ್ಕಳು ಕಲಿತರು.

ಆ ಚರ್ಚಿನ ಆವರಣದಲ್ಲಿ ಒಂದು ದಿನ ಗುಮಾಸ್ತರು ದಾರಿಯಲ್ಲಿ ಗಾಯಗೊಂಡು ಬಿದ್ದವನ ಕಥೆ ಹೇಳುತ್ತಿದ್ದರು. ಅನ್ಯಕುಲದವನೊಬ್ಬನು ಅವನನ್ನು ಎತ್ತಿಕೊಂಡು ಹೋಗಿ ಛತ್ರದವನಿಗೆ ಹಣ ಕೊಟ್ಟು, ಹೆಚ್ಚು ಖರ್ಚಾದರೆ ಮತ್ತೆ ಬಂದಾಗ ಕೊಡುವೆನೆಂದು ಹೇಳಿ ಹೊರಟನೆಂಬ ಕಥೆ. ಒಬ್ಬ ಹುಡುಗ ಎದ್ದು "ಆಮೇಲೆ ಅವನು ಬಂದನೇ ಸಾರ್?" ಎಂದ. ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. ಗುಮಾಸ್ತರು ನಗಲಿಲ್ಲ. ಪುಸ್ತಕ ಮುಚ್ಚಿ, "ಅದು ಇದರಲ್ಲಿ ಬರೆದಿಲ್ಲವಪ್ಪ. ನಿನಗೇನನ್ನಿಸುತ್ತದೆ?" ಎಂದು ಕೇಳಿದರು. ನಾವು ಬೇಲಿಯಾಚೆ ನಿಂತು ಇದನ್ನೆಲ್ಲ ನೋಡಿದೆವು. ಮಠಕ್ಕೆ ಬಂದ ಮೇಲೆ ಅಲ್ಲಿಂದ ನಾವು ತಂದುಕೊಂಡದ್ದು ಮಾತ್ರ ಹಾಜರಿ ಪುಸ್ತಕ, ವರ್ಗವಿಭಾಗ ಮತ್ತು ವರ್ಷಾಂತ್ಯದ ಬಹುಮಾನ!

2004ರಲ್ಲಿ ನಮ್ಮ ಮಠದಲ್ಲಿ ಭಾನುವಾರದ ವಚನ ತರಗತಿ ಪ್ರಾರಂಭವಾಯಿತು. ತಿಂಗಳಿಗೆ ಹತ್ತು ವಚನಗಳ ಕಂಠಪಾಠ, ತಪ್ಪಿಗೊಂದು ಅಂಕ ಕಡಿತ. ಮಕ್ಕಳು ಗಿಳಿಗಳಂತೆ ಒಪ್ಪಿಸುತ್ತಿದ್ದರು. ಬಂದ ಭಕ್ತರು ಮೆಚ್ಚುತ್ತಿದ್ದರು. ನಾವೂ ಹಿಗ್ಗಿದೆವೆಂಬುದನ್ನು ಮುಚ್ಚಿಡಲಾರೆವು. ಆ ವರ್ಷ ನಮ್ಮ ಪ್ರಸಾದ ನಿಲಯಕ್ಕೆ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಿಂದ ಹತ್ತು ವರ್ಷದ ಹುಡುಗನೊಬ್ಬ ಬಂದು ಸೇರಿದ್ದ. ಆ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಆಡುತ್ತವೆ. ಹುಡುಗನ ಮನೆಮಾತು ತೆಲುಗು. ಹಕಾರ ಅವನ ನಾಲಗೆಯ ಮೇಲೆ ನಿಲ್ಲುತ್ತಿರಲಿಲ್ಲ. ತರಗತಿಯ ಮುಂದೆ ನಿಂತು ವಚನ ಹೇಳತೊಡಗಿ, ನಡುವೆ ತಡವರಿಸಿ, ಮಿಕ್ಕುದನ್ನು ತೆಲುಗಿನಲ್ಲಿ ಅರ್ಥ ಹೇಳಿ ಮುಗಿಸಿದ. ಸಭೆಯೆಲ್ಲ ನಕ್ಕಿತು. ನಾವೂ ನಕ್ಕೆವು. "ಬಸವಣ್ಣನವರಿಗೆ ತೆಲುಗು ಬರುತ್ತಿರಲಿಲ್ಲವಪ್ಪ" ಎಂದು ಒಂದು ಚಟಾಕಿಯನ್ನೂ ಹಾರಿಸಿದೆವು.

ಬಸವಣ್ಣನವರ ಚರಿತ್ರೆಯನ್ನು ಪುರಾಣವಾಗಿ ಹಾಡಿದ ಪಾಲ್ಕುರಿಕೆ ಸೋಮನಾಥನು ಅದನ್ನು ರಚಿಸಿದ್ದು ತೆಲುಗಿನ ದ್ವಿಪದದಲ್ಲಿ. ಭೀಮಕವಿಯು 1369ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಇದನ್ನು ನಾವು ಓದಿ ಪರೀಕ್ಷೆ ಬರೆದಿದ್ದೆವು. ಮುರುಗಮಲ್ಲಕ್ಕೆ ಸಮೀಪದ ಕೈವಾರದ ನಾರೇಯಣ ತಾತನವರು ತೆಲುಗು ಕನ್ನಡಗಳೆರಡರಲ್ಲಿಯೂ ಹಾಡಿದರೆಂಬುದೂ ಗೊತ್ತಿತ್ತು. ಆ ಗಳಿಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹುಡುಗ ತಪ್ಪು ಮಾಡಿರಲಿಲ್ಲ. ಆ ತರಗತಿಯಲ್ಲಿ ವಚನದ ಅರ್ಥ ಹೇಳಿದವನು ಅವನೊಬ್ಬನೇ. ಮರುವಾರ ಅವನು ಬರಲಿಲ್ಲ. ದಸರೆಯ ರಜೆಗೆ ಊರಿಗೆ ಹೋದವನು ನಿಲಯಕ್ಕೂ ಹಿಂತಿರುಗಲಿಲ್ಲ.

ಕಳೆದ ವರ್ಷ ಅವನೇ ಮಠಕ್ಕೆ ಬಂದ. ಹೊಸ ಮನೆ ಕಟ್ಟಿಸಿದ್ದೇನೆ, ಗೃಹಪ್ರವೇಶಕ್ಕೆ ಪಾದ ಬೆಳೆಸಬೇಕೆಂದ. ಗುರುತು ಹೇಳಿದಾಗ ನಮಗೆ ಮುಖವೆತ್ತಲು ಸಂಕೋಚವಾಯಿತು. ಹೋದೆವು. ಮುರುಗಮಲ್ಲವನ್ನು ನೋಡದವರಿಗೆ ಎರಡು ಮಾತು: ಅಲ್ಲಿ ಮುಕ್ತೀಶ್ವರನ ಗುಡಿಯಿದೆ, ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ. ದರ್ಗಾಕ್ಕೆ ಮುಸಲ್ಮಾನರಷ್ಟೇ ಹಿಂದೂಗಳೂ ತಮ್ಮ ಸಂಕಟಗಳನ್ನು ಹೊತ್ತು ಬರುತ್ತಾರೆ. ನಮ್ಮವರ ಮನೆಗಳು ಅಲ್ಲಿ ವಿರಳ. ಅಂಥ ಊರಿನಲ್ಲಿ ಲಿಂಗವಂತರ ಮಗುವಿಗೆ ತನ್ನ ಧರ್ಮವು ಬೀದಿಯಿಂದ ತಾನಾಗಿ ಬರುವಂತಿಲ್ಲ. ಮನೆಯೊಳಗೆ ಕಂಡಷ್ಟೇ ಅದರ ಪಾಲು.

ಪೂಜೆ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಅವನ ಮಗಳು, ಆರು ವರ್ಷದವಳು, ಕೊರಳಿನ ಕರಡಿಗೆಯನ್ನು ಹಿಡಿದುಕೊಂಡು ಬಂದು ನಮ್ಮೆದುರು ನಿಂತಳು.

"ಬುದ್ಧಿ, ನನ್ನ ದೇವರು ಇಲ್ಲಿದ್ದಾನೆ. ನನ್ನ ಪಕ್ಕ ಕೂತ್ಕೊಳ್ಳೋ ಹುಡುಗಿ ದರ್ಗಾಕ್ಕೆ ಹೋಗ್ತಾಳೆ. ಅವಳು ದೇವರನ್ನ ಎಲ್ಲಿ ಕಟ್ಕೊಂಡಿದಾಳೆ?"

ಪಂಕ್ತಿಯಲ್ಲಿದ್ದ ಹಿರಿಯರು ನಕ್ಕರು. ನಾವು ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳ ವಿವರಣೆಗೆ ತೊಡಗುವಷ್ಟರಲ್ಲಿ, ಬಡಿಸುತ್ತಿದ್ದ ತಂದೆ ಸೌಟನ್ನು ಪಾತ್ರೆಯಲ್ಲಿಟ್ಟು ಮಗಳ ಬಳಿ ಕುಳಿತ. "ನಾಳೆ ಅವಳನ್ನೇ ಕೇಳು ಕಂದ. ಹೇಳಿದ್ದನ್ನ ಪೂರ್ತಿ ಕೇಳಿಸ್ಕೋ. ನಗಬೇಡ" ಎಂದ.

ಆ ಕೊನೆಯ ಮಾತು ನಮ್ಮನ್ನು ಕುರಿತದ್ದಲ್ಲ. ಆದರೂ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಊಟವಾದ ಮೇಲೆ ಅವನನ್ನು ಜಗಲಿಗೆ ಕರೆದು, "ಅಂದಿನ ತರಗತಿ ನೆನಪಿದೆಯೇನಪ್ಪಾ?" ಎಂದು ಕೇಳಿದೆವು.

"ಇದೆ ಬುದ್ಧಿ."

"ನಾವು ಮಾಡಿದ್ದು ತಪ್ಪು."

ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಿದ್ದ. "ಆವತ್ತಿನಿಂದ ನಾನು ಲಿಂಗ ತೆಗೆದಿಟ್ಟಿದ್ದೆ ಬುದ್ಧಿ, ಹನ್ನೆರಡು ವರ್ಷ. ಅಪ್ಪ ಹೋಗೋ ಮುಂಚೆ ಕಾಯಿಲೆಯಲ್ಲಿ ಮಲಗಿದ್ದೋರು, ಕೈ ನಡುಗ್ತಿದ್ರೂ ದಿನಾ ಪೂಜೆ ಬಿಡಲಿಲ್ಲ. ಲಿಂಗ ಜಾರದ ಹಾಗೆ ಕೈ ಹಿಡ್ಕೋ ಅಂತ ನನ್ನ ಕರೀತಿದ್ರು. ಹಿಡ್ಕೊಂಡು ಹಿಡ್ಕೊಂಡು ಮತ್ತೆ ಕಟ್ಕೊಂಡೆ" ಎಂದ. ಸಂಜೆ ಪೂಜೆಗೆ ಕೂಡುವಾಗ ಮಗಳನ್ನು ತಾನಾಗಿ ಕರೆಯುವುದಿಲ್ಲವಂತೆ. ಅವಳೇ ಬಂದು ಪಕ್ಕದಲ್ಲಿ ಕೂಡುತ್ತಾಳೆ. ಕೆಲವು ದಿನ ಕೂಡುವುದೂ ಇಲ್ಲ. ವಚನಗಳನ್ನು ಮೊದಲು ತೆಲುಗಿನಲ್ಲಿ ಕಥೆಮಾಡಿ ಹೇಳಿ ಆಮೇಲೆ ಕನ್ನಡದಲ್ಲಿ ಓದುತ್ತಾನಂತೆ.

ಮಠಕ್ಕೆ ಮರಳಿ ಕಂಠಪಾಠದ ಸ್ಪರ್ಧೆಯನ್ನು ನಿಲ್ಲಿಸಿದೆವು. ಕಂಠಪಾಠವನ್ನು ನಿಲ್ಲಿಸಲಿಲ್ಲ, ಎಳವೆಯಲ್ಲಿ ಬಾಯಿಗೆ ಬಂದ ಮಾತು ಮುಪ್ಪಿನಲ್ಲಿ ಒದಗುವುದನ್ನು ನಾವು ಅನೇಕ ಶರಣರ ಕೊನೆಗಾಲದಲ್ಲಿ ಕಂಡಿದ್ದೇವೆ. ಈಗ ಅಂಕವಿಲ್ಲ, ಬಹುಮಾನವಿಲ್ಲ. ಮಕ್ಕಳು ಕೇಳಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಉತ್ತರ ತಿಳಿಯದ ಕಡೆ ಖಾಲಿ ಬಿಟ್ಟಿದ್ದೇವೆ, ಖಾಲಿ ಜಾಗ ಬಹಳವಿದೆ. ಮಕ್ಕಳ ಸಂಖ್ಯೆ ಮೊದಲಿಗಿಂತ ಕಡಿಮೆಯಾಗಿದೆ. ಬಹುಮಾನವಿಲ್ಲದ ತರಗತಿಗೆ ಏಕೆ ಕಳುಹಿಸಬೇಕೆಂದು ಕೆಲವು ಪೋಷಕರು ಕೇಳಿದ್ದೂ ಉಂಟು.

ಹಳೆಯ ಹಾಜರಿ ಪುಸ್ತಕಗಳನ್ನೂ ತೆಗೆಸಿ ನೋಡಿದೆವು. ಆ ಹುಡುಗನ ಹೆಸರಿನ ಮುಂದೆ ಗೀಟುಗಳಿವೆ. ಅಂಥ ಗೀಟುಗಳು ಬೇರೆ ಹೆಸರುಗಳ ಮುಂದೆಯೂ ಇವೆ. ಅವರೆಲ್ಲ ಏಕೆ ಬಿಟ್ಟರೆಂದು ನಾವು ಆಗ ಒಬ್ಬರನ್ನೂ ಕೇಳಿರಲಿಲ್ಲ. ಊರುಗಳ ಹೆಸರು ಬರೆದಿರುವುದರಿಂದ ಶ್ರಾವಣ ಕಳೆದ ಮೇಲೆ ಒಂದೊಂದಾಗಿ ಹೋಗಿಬರುವವರಿದ್ದೇವೆ. ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಆ ತರಗತಿಯನ್ನು ಅರ್ಧಕ್ಕೆ ಬಿಟ್ಟುಹೋದವರು ಯಾರಾದರೂ ಇದ್ದರೆ, ಮಠದ ವಿಳಾಸಕ್ಕೆ ಒಂದು ಸಾಲು ಬರೆಯಬೇಕು. ತೆಲುಗಿನಲ್ಲಿ ಬರೆದರೂ ಓದುತ್ತೇವೆ.